ದನ ಮೇಯಿಸಲು ಹೋದ ಕೆಹೆಂಗು

ಇಟಿಂಗಾ
4 ಮಾರ್ಚ್ 1984

ರೋಬಿ,

ನಿನ್ನ ಕಾಗದ ಬಂತು. ಉಪ್ಪು ತರಲು ತಾರಿಮೆ ಪೇಟೆಗೆ ಹೋದವರು ತಂದುಕೊಟ್ಟರು. ಕನ್ನಡಕ ಹುಡುಕಿ, ಒರೆಸಿ, ಬಿಸಿಲಿಗೆ ಕೂತು ಓದಿದೆ. ಅಕ್ಷರ ದುಂಡಗಿದೆ, ಟೀಚರಮ್ಮನ ಅಕ್ಷರ. ಆದರೆ ಬರೆದಿರುವುದೇನು? "ದೊಡ್ಡಪ್ಪ, ನಮ್ಮ ಮುತ್ತಜ್ಜ ಕೆಹೆಂಗು ಎಲ್ಲಿ ತೀರಿಕೊಂಡರು? ಅವರ ಗೋರಿ ಎಲ್ಲಿದೆ?"

ಈ ಮಾತನ್ನು ನಿನ್ನ ಬಾಯಿಗೆ ಹಾಕಿದವರು ಯಾರು? ಹಳ್ಳದಾಚೆಯ ವೆರೆಮನ ಮನೆಯವರು ಯಾರಾದರೂ ದಾರ್ ಎಸ್ ಸಲಾಮಿಗೆ ಬಂದಿದ್ದಾರೋ? ನಿನ್ನ ಮನೆಯಲ್ಲಿ ಉಂಡು ನಿನ್ನ ಕೈಯಲ್ಲೇ ಬರೆಸಿದರೋ? ನಾನು ಮಿಷನ್ ಶಾಲೆಯಲ್ಲಿ ಎರಡನೇ ಕ್ಲಾಸಿನಲ್ಲಿದ್ದಾಗ ಅದೇ ವೆರೆಮ ಎಲ್ಲರೆದುರು ಎದ್ದು ನಿಂತು, "ಲೋ ಮಚಾಗೆ, ನಿಮ್ಮಜ್ಜನ ಗೋರಿ ಎಲ್ಲಿ ತೋರ್ಸೋ" ಎಂದ. ಸ್ಲೇಟು ನನ್ನ ಕೈಯಲ್ಲೇ ಇತ್ತು. ಅವನ ಮುಂದಿನ ಹಲ್ಲು ಅವತ್ತು ಹೋದದ್ದು ಇವತ್ತಿಗೂ ಬಂದಿಲ್ಲ. ನನ್ನ ಓದೂ ಅವತ್ತೇ ಮುಗಿಯಿತು. ಎರಡರ ಬಗ್ಗೆಯೂ ನನಗೆ ಬೇಸರವಿಲ್ಲ.

ಆ ಮೇಲೂ ಅವನ ಬಾಯಿ ನಿಂತಿಲ್ಲ. ದನದ ಸಂತೆಯಲ್ಲಿ ಸಿಕ್ಕರೂ ಅದೇ, ಹೆಂಡದ ಮಡಕೆಯ ಸುತ್ತ ಕೂತರೂ ಅದೇ. "ಮಚಾಗೆ, ಗೋರಿ ಸಿಕ್ತಾ?" ಹಲ್ಲಿಲ್ಲದ ಬಾಯಲ್ಲಿ ಅದು ಇನ್ನೂ ಅಸಹ್ಯ. ಈಗ ನನ್ನ ತಮ್ಮನ ಮಗಳೂ ಅದನ್ನೇ ಕೇಳಿದರೆ ನಾನು ಯಾರನ್ನು ಹೊಡೆಯಲಿ?

ನಿನಗೆ ಹೆಸರುಗಳು ಬರಬೇಕು, ಬರುತ್ತವೆ. ರೋಬಿಯ ಅಪ್ಪ ವಾಂಗುಬೊ, ವಾಂಗುಬೊವಿನ ಅಪ್ಪ ನ್ಯಾಮೊಹಾಂಗ, ನ್ಯಾಮೊಹಾಂಗನ ಅಪ್ಪ ಕೆಹೆಂಗು, ಕೆಹೆಂಗುವಿನ ತಾಯಿ ವಂಕುರು. ಅಷ್ಟು ಸಾಕು. ಇದಕ್ಕೆ ಗೋರಿ ಬೇಕಿಲ್ಲ.

ಬಿಳಿ ಹಸು ಈದಿದೆ. ಹೆಣ್ಣು ಕರು.

ನಿನ್ನ ದೊಡ್ಡಪ್ಪ
ಮಚಾಗೆ


ದಾರ್ ಎಸ್ ಸಲಾಮ್
2 ಏಪ್ರಿಲ್ 1984

ದೊಡ್ಡಪ್ಪನವರಿಗೆ ರೋಬಿಯ ನಮಸ್ಕಾರ.

ನಿಮ್ಮನ್ನು ನೋಯಿಸಬೇಕೆಂದು ನಾನು ಕೇಳಲಿಲ್ಲ. ವೆರೆಮನ ಮನೆಯವರು ಯಾರೂ ಇಲ್ಲಿಗೆ ಬಂದಿಲ್ಲ. ಹಲ್ಲಿಲ್ಲದ ಒಬ್ಬ ಅಜ್ಜ ಹಳ್ಳದಾಚೆ ಇದ್ದದ್ದು ನೆನಪಿದೆ, ಅಷ್ಟೇ. ಅಪ್ಪ ಬಂದರಿನ ಕೆಲಸಕ್ಕೆಂದು ನನ್ನನ್ನು ಕರೆದುಕೊಂಡು ಬಂದಾಗ ನಾನೆಷ್ಟು ದೊಡ್ಡವಳಿದ್ದೆ ನಿಮಗೇ ಗೊತ್ತು. ಅಮ್ಮ ಇರಲಿಲ್ಲ, ಹೇಳಿಕೊಡುವವರೂ ಇರಲಿಲ್ಲ. ಅಪ್ಪ ಆ ಹೆಸರುಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿದರು. ಆ ಹೆಸರಿನವರು ಯಾರು, ಹೇಗಿದ್ದರು ಎಂದು ಹೇಳುವ ಮೊದಲೇ ಹೋಗಿಬಿಟ್ಟರು.

ಕಳೆದ ರಜೆಯಲ್ಲಿ ನನ್ನ ಗಂಡ ಕಿಮಾರೊವಿನ ಊರಿಗೆ ಹೋಗಿದ್ದೆವು. ಕಿಲಿಮಂಜಾರೊ ಪರ್ವತದ ಬುಡ. ಅವರ ಮನೆಯ ಬಾಳೆತೋಟದಲ್ಲೇ ಅವರ ಹಿರಿಯರೆಲ್ಲರ ಗೋರಿಗಳಿವೆ. ನನ್ನ ಅತ್ತೆ ನಮ್ಮ ಮಗ ತುಮೈನಿಯನ್ನು ಕೈಹಿಡಿದು ಸುತ್ತಿಸಿ, "ಇವ್ರು ನಿನ್ನ ಮುತ್ತಜ್ಜ, ಇವ್ರು ಅವ್ರಪ್ಪ" ಎಂದು ತೋರಿಸಿದರು. ಅವನು ಎಲ್ಲವನ್ನೂ ನೋಡಿ ನನ್ನ ಕಡೆ ತಿರುಗಿದ. "ಅಮ್ಮ, ನಿಮ್ಮವರೆಲ್ಲಿ?" ಅತ್ತೆಯೂ ನನ್ನ ಮುಖ ನೋಡಿದರು.

ಅದಕ್ಕೇ ಹುಡುಕತೊಡಗಿದೆ. ನ್ಯಾಮೊಹಾಂಗ ಅಜ್ಜ ದೀಕ್ಷಾಸ್ನಾನ ಪಡೆದ ದಾಖಲೆ ಸಿಕ್ಕಿತು. ತಂದೆ ಕೆಹೆಂಗು ಎಂದಿದೆ. ಆಚೆಗೆ ಏನೂ ಇಲ್ಲ. ಕೆಹೆಂಗು ಗುಡಿಸಲು ತೆರಿಗೆ ಕಟ್ಟಿದ್ದಿಲ್ಲ, ಯಾವ ಜಗಳಕ್ಕೂ ಸಾಕ್ಷಿಯಾಗಿಲ್ಲ, ಸತ್ತದ್ದಕ್ಕೂ ಬರಹವಿಲ್ಲ. ಮನುಷ್ಯ ಇಷ್ಟು ಸದ್ದಿಲ್ಲದೆ ಬದುಕುವುದು ಸಾಧ್ಯವೇ?

ದೊಡ್ಡಪ್ಪ, ನೇರವಾಗಿ ಕೇಳುತ್ತೇನೆ. ಅವರು ಮನೆ ಬಿಟ್ಟು ಓಡಿಹೋದರೇ? ಹಾಗಿದ್ದರೂ ನನಗೆ ನಾಚಿಕೆಯಿಲ್ಲ. ನಿಜ ಗೊತ್ತಾದರೆ ಸಾಕು.

ನಿಮ್ಮ
ರೋಬಿ


ಇಟಿಂಗಾ
1 ಮೇ 1984

ರೋಬಿ,

ಓಡಿಹೋದನೇ ಎಂದು ಕೇಳುತ್ತೀಯಲ್ಲ, ನಿನಗೆ ಏನು ಹೇಳಲಿ! ಕೆಹೆಂಗುವಿನಷ್ಟು ಮನೆಯಲ್ಲೇ ನಿಂತ ಗಂಡಸು ಈ ಗುಡ್ಡದಲ್ಲಿ ಇನ್ನೊಬ್ಬನಿಲ್ಲ. ಹೆಂಡತಿಯ ಮೇಲೆ ಕೈ ಎತ್ತಲಿಲ್ಲ. ಹೆಂಡ ಕುಡಿದು ದಾರಿಯಲ್ಲಿ ಬೀಳಲಿಲ್ಲ. ಪರರ ಹಸು ಕದಿಯಲಿಲ್ಲ, ತನ್ನದು ಕದಿಯಲು ಬಿಡಲಿಲ್ಲ. ಅವನ ಮಣೆ ಇವತ್ತಿಗೂ ನನ್ನ ಮನೆಯ ಕಣಜದ ಪಕ್ಕದಲ್ಲಿದೆ. ಮೂರು ಕಾಲಿನ ಮಣೆ, ವಂಕುರು ಕೆತ್ತಿಸಿದ್ದು. ಅದರ ಮೇಲೆ ಬೇರೆ ಯಾರೂ ಕೂರುವಂತಿಲ್ಲ. ನಿಮ್ಮಪ್ಪ ಒಮ್ಮೆ ಆಡುತ್ತಾ ಕೂತು ವಂಕುರು ಅಜ್ಜಿಯ ಸೊಸೆಯಿಂದ ಸೌಟಿನ ಏಟು ತಿಂದಿದ್ದ. ಅದನ್ನಾದರೂ ಹೇಳಿದ್ದನೋ ಇಲ್ಲವೋ.

ಈಗ ಅರ್ಥವಾಯಿತು. ನಿನ್ನ ಗಂಡನ ಕಡೆಯವರು ಹಂಗಿಸುತ್ತಿದ್ದಾರೆ. ಬಾಳೆಗಿಡದ ಕೆಳಗೆ ಹೆಣ ಹೂತುಕೊಂಡವರು ನಮ್ಮನ್ನು ಏನು ಕೇಳುವುದು? ಆ ಅತ್ತೆಗೆ ಹೇಳು: ನಮ್ಮ ಹಿರಿಯರು ನಮ್ಮ ದೊಡ್ಡಿಯಲ್ಲಿ ನಿಂತು ಮೆಲುಕು ಹಾಕುತ್ತಿದ್ದಾರೆ. ಈ ಬಿಳಿ ಹಸುವಿನ ತಾಯಿಯ ತಾಯಿಯ ತಾಯಿ, ಹಾಗೇ ಹಿಂದೆ ಹೋದರೆ ವಂಕುರುವಿನ ಹಸು. ಬೇಕಾದರೆ ಬಂದು ನೋಡಲಿ, ಹಾಲು ಕೊಟ್ಟು ಕಳಿಸುತ್ತೇನೆ.

ದಾಖಲೆಯಲ್ಲಿ ಇಲ್ಲವಂತೆ! ಸಾಹೇಬನ ಪುಸ್ತಕದಲ್ಲಿ ಇರುವುದೆಲ್ಲ ಏನು? ತೆರಿಗೆ ಬಾಕಿ ಉಳಿಸಿಕೊಂಡವರು, ಕದ್ದು ಸಿಕ್ಕಿಬಿದ್ದವರು, ಸತ್ತವರು. ಕೆಹೆಂಗು ಈ ಮೂರರಲ್ಲಿ ಒಂದನ್ನೂ ಮಾಡಲಿಲ್ಲ.

ಇನ್ನು ಹುಡುಕುವುದು ಬಿಡು. ಮಕ್ಕಳಿಗೆ ಪಾಠ ಹೇಳು.

ಮಚಾಗೆ


ದಾರ್ ಎಸ್ ಸಲಾಮ್
20 ಜುಲೈ 1984

ದೊಡ್ಡಪ್ಪನವರಿಗೆ,

ಸಿಕ್ಕರು!

ನೀವು ಬಿಡು ಎಂದಿರಿ. ನಾನು ಬಿಡಲಿಲ್ಲ. ಬೈಯಬೇಡಿ, ಹಟ ನಿಮ್ಮಿಂದಲೇ ಬಂದದ್ದು. ಶನಿವಾರಗಳಲ್ಲಿ ದಾಖಲೆಗಳ ಕಚೇರಿಗೆ ಹೋಗಿ ಕೂರುತ್ತಿದ್ದೆ. ಬಿಳಿಯರ ಮೊದಲ ಯುದ್ಧದಲ್ಲಿ ಹೊರೆ ಹೊರಲು ನಮ್ಮ ಕಡೆಯಿಂದ ಹಿಡಿದೊಯ್ದವರ ಪಟ್ಟಿ ಅಲ್ಲಿದೆ. ಮಾರಾ ನದಿಯ ಈಚೆಯ ಊರುಗಳ ಹಾಳೆಯಲ್ಲಿ ಇಟಿಂಗಾ ಸಿಕ್ಕಿತು. ಅದರಲ್ಲಿ ಒಂದು ಸಾಲು: "ಕೆಹೆಂಗು, ಮಸೇಕೆಯ ಮಗ. ಹೊರೆಯಾಳು. ಕಿಲ್ವಾದಲ್ಲಿ ಜ್ವರದಿಂದ ಮರಣ, 1917."

ದೊಡ್ಡಪ್ಪ, ಅವರು ಓಡಿಹೋಗಲಿಲ್ಲ. ಎಳೆದುಕೊಂಡು ಹೋದರು. ಸಮುದ್ರದ ದಡದಲ್ಲಿ, ತನ್ನವರು ಒಬ್ಬರೂ ಇಲ್ಲದ ಕಡೆ, ಯಾರದೋ ಗುಂಡಿನ ಪೆಟ್ಟಿಗೆಗಳನ್ನು ಹೊತ್ತು ಸತ್ತರು. ಮನೆಯವರಿಗೆ ಒಂದು ಮಾತೂ ಬರಲಿಲ್ಲ. ಅದಕ್ಕೇ ಗೋರಿಯಿಲ್ಲ, ಅದಕ್ಕೇ ನೀವು ಆ ಮಣೆಯನ್ನು ಕಾಯ್ದಿಟ್ಟಿದ್ದೀರಿ. ನಿಮಗೆ ಅದೆಷ್ಟು ನೋವಿದೆಯೋ, ಅದನ್ನು ನಾನು ಕೆದಕಿದೆ.

ಮಸೇಕೆ ಎಂದರೆ ವಂಕುರು ಅಜ್ಜಿಯ ಗಂಡ ಅಲ್ಲವೇ? ಅಪ್ಪ ಆ ಹೆಸರನ್ನು ಕಲಿಸಿರಲಿಲ್ಲ.

ಕಿಮಾರೊವಿನ ಸೋದರತ್ತೆಯ ಮಗ ಕಲ್ಲು ಕೆತ್ತುತ್ತಾನೆ. ಕಲ್ಲು ಹೇಳಿಯಾಯಿತು. ಸಾಲು ಇದೇ: "ಮಸೇಕೆಯ ಮಗ ಕೆಹೆಂಗು. ಕಿಲ್ವಾ, 1917." ಡಿಸೆಂಬರಿನಲ್ಲಿ ಲಾರಿಯಲ್ಲಿ ಬರುತ್ತದೆ, ನಾವೂ ಬರುತ್ತೇವೆ. ಮನೆಯ ಹತ್ತಿರ ಒಳ್ಳೆಯ ಜಾಗ ನೋಡಿಡಿ. ಇನ್ನು ಮೇಲೆ ಯಾರೂ "ಗೋರಿ ಎಲ್ಲಿ" ಎಂದು ಕೇಳುವಂತಿಲ್ಲ.

ನಿಮ್ಮ
ರೋಬಿ


ಇಟಿಂಗಾ
9 ಆಗಸ್ಟ್ 1984

ರೋಬಿ,

ಕಲ್ಲು ನಿಲ್ಲಿಸು. ಮೊದಲು ಅದನ್ನು ಮಾಡಿ ಆಮೇಲೆ ಮುಂದೆ ಓದು.

ವಂಕುರುವಿನ ಗಂಡನ ಹೆಸರು ಮಸೇಕೆ ಅಲ್ಲ, ಮಚಾಗೆ. ಅವನ ಹೆಸರನ್ನೇ ನನಗಿಟ್ಟಿದ್ದು. ನೀನು ಹುಡುಕಿದ ಕೆಹೆಂಗು ಬೇರೆ ಮನೆಯ ಸತ್ತವನು. ಅವನಿಗೂ ಮನೆಯಿದೆ.

ನಮ್ಮ ಕೆಹೆಂಗು ಸಾಯಲಿಲ್ಲ. ಸಾಯಲು ಅವನು ಹುಟ್ಟಿರಲೇ ಇಲ್ಲ.

ನಿನಗೆ ಗೊತ್ತಿದೆ ಎಂದುಕೊಂಡಿದ್ದೆ. ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಅದಕ್ಕೇ ನೀನು ಗೋರಿ ಕೇಳಿದಾಗ ಹಂಗಿಸುತ್ತಿದ್ದೀಯ ಎಂದು ಮೈ ಉರಿಯಿತು. ಪಟ್ಟಣದಲ್ಲಿ ಬೆಳೆದವಳು, ತಾಯಿಯಿಲ್ಲದವಳು, ನಿನಗೆ ಯಾರು ಹೇಳಬೇಕು? ವಾಂಗುಬೊ ಹೇಳಬೇಕಿತ್ತು. ಹೇಳಲಿಲ್ಲ. ಪಟ್ಟಣದವರು ನಗುತ್ತಾರೆ ಎಂದು ಹೆದರಿರಬೇಕು. ನಾನು ಹೆದರುವವನಲ್ಲ. ಕೇಳು.

ವಂಕುರುವಿಗೆ ಒಬ್ಬಳೇ ಮಗಳು, ಮೊಕಾಮಿ. ಗಂಡುಮಗ ಇರಲಿಲ್ಲ. ಗಂಡ ತೀರಿಕೊಂಡ. ಮೊಕಾಮಿಯ ಮದುವೆಯಾಗಿ ಗಂಡಿನ ಕಡೆಯವರು ಕೊಟ್ಟ ತೆರದ ದನ ದೊಡ್ಡಿಗೆ ಬಂತು. ಗಂಡನ ತಮ್ಮಂದಿರು ಅದನ್ನೇ ಕಾಯುತ್ತಿದ್ದರು. ಹಾಲು ಕರೆಯುವ ಹೊತ್ತಿಗೆ ಕೋಲು ಹಿಡಿದು ಬಂದರು. ದೊಡ್ಡಿಯ ಬಾಗಿಲಿಗೆ ವಂಕುರು ಅಡ್ಡ ನಿಂತಳು. ಈ ಮಾತುಗಳನ್ನು ಅವಳ ಬಾಯಿಂದಲೇ ಕೇಳಿದ್ದೇನೆ. ನಾನು ಅವಳ ಮೊಣಕಾಲೆತ್ತರ ಇದ್ದಾಗ ಅವಳಿನ್ನೂ ಬದುಕಿದ್ದಳು, ಚುಟ್ಟಾ ಸೇದುತ್ತಾ ಹೇಳುತ್ತಿದ್ದಳು.

"ಈ ದನ ಯಾರವು ಅತ್ತಿಗೆ?"

"ನನ್ ಮಗಂದು."

"ನಿಂಗೆಲ್ಲವ್ನೆ ಮಗ?"

"ದನ ಮೇಯ್ಸಕ್ ಹೋಗವ್ನೆ. ಸಂಜೆ ಬತ್ತಾನೆ. ಕಾಯ್ತೀರಾ?"

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಎಂದು ಬಿಟ್ಟಳು. ಬೆಳಗಾಗುತ್ತಲೇ ದನಗಳನ್ನು ಹೊಡೆದುಕೊಂಡು ಗುಡ್ಡದಾಚೆಗೆ ಹೋಗಿ, ನ್ಯಾಂಗಿ ಎಂಬ ಹುಡುಗಿಯ ಅಪ್ಪನ ಅಂಗಳದಲ್ಲಿ ನಿಲ್ಲಿಸಿದಳು. "ನನ್ ಮಗ ಕೆಹೆಂಗೂಗೆ ನಿನ್ ಮಗಳನ್ನ ಕೊಡು" ಎಂದಳು.

"ಗಂಡನ್ನ ಕರ್ಕೊಂಡ್ ಬರ್ಲಿಲ್ವಾ?"

"ಗಂಡಿನ ದನ ನೋಡಪ್ಪಾ. ಎಂಗ್ ಮಿಂಚ್ತವೆ ಮೈ! ದನಾನೇ ಇಂಗ್ ಸಾಕೋನು ಹೆಂಡ್ತೀನ ಉಪವಾಸ ಕೆಡವ್ತಾನಾ?"

ಆ ಅಪ್ಪ ಮೂರ್ಖನಲ್ಲ, ಅವನಿಗೆ ಅರ್ಥವಾಯಿತು. ಮಗಳನ್ನು ಕರೆದು ಕೇಳಿದ. ನನ್ನ ಅಜ್ಜಿ ನ್ಯಾಂಗಿ ಕದದ ಹಿಂದಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಹೊರಗೆ ಬಂದು ಅಂದಳಂತೆ: "ಕುಡಿಯಲ್ಲ, ಹೊಡಿಯಲ್ಲ, ಎರಡ್ನೇ ಹೆಂಡ್ತಿ ತರಲ್ಲ. ಇಂಥ ಗಂಡ ಇನ್ನೆಲ್ಲಿ ಸಿಕ್ಕಾನು? ನಡೀರಿ ಅತ್ತೆ, ಹೊತ್ತಾಯ್ತು."

ಇದು ನಮ್ಮ ಕುಲದ ಕಟ್ಟಳೆ. ಗಂಡುಮಗ ಇಲ್ಲದವಳು ತನ್ನ ದನ ಕೊಟ್ಟು, ಹುಟ್ಟದ ಮಗನ ಹೆಸರಿನಲ್ಲಿ ಸೊಸೆ ತರಬಹುದು. ಆ ಸೊಸೆ ಹೆತ್ತ ಮಕ್ಕಳು ಆ ಮಗನ ಮಕ್ಕಳು. ನ್ಯಾಂಗಿ ನ್ಯಾಮೊಹಾಂಗನನ್ನು ಹೆತ್ತಳು, ಹೆಣ್ಣುಮಕ್ಕಳನ್ನೂ ಹೆತ್ತಳು. ಯಾರಿಂದ ಎಂದು ಕೇಳಬೇಡ. ನಾವು ಯಾರೂ ಕೇಳಲಿಲ್ಲ. ಹೋರಿ ಯಾವ ಊರಿನದಾದರೇನು, ಕರು ದೊಡ್ಡಿಯದು. ಪಾದ್ರಿ ನ್ಯಾಮೊಹಾಂಗನನ್ನು "ನಿನ್ನ ತಂದೆ ಯಾರು" ಎಂದು ಕೇಳಿದಾಗ ಕೆಹೆಂಗು ಎಂದ. ಅದು ಸುಳ್ಳಲ್ಲ.

ವಂಕುರು ಮಗನನ್ನು ಬರಿಯ ಹೆಸರಾಗಿ ಇಟ್ಟಿರಲಿಲ್ಲ. ಅವನಿಗೆ ಮಣೆ ಮಾಡಿಸಿದಳು. ಬಂದವರು ಕೇಳಿದರೆ, ಮೇಯಿಸಲು ಹೋಗಿದ್ದಾನೆ ಎನ್ನುತ್ತಿದ್ದಳು. ನಾನು ಚಿಕ್ಕವನಿದ್ದಾಗ ಅದನ್ನು ನಂಬಿ, ದನ ಮರಳುವ ಹೊತ್ತಿಗೆ ದೊಡ್ಡಿಯ ಬಾಗಿಲಲ್ಲಿ ಕಾಯುತ್ತಾ ಕೂರುತ್ತಿದ್ದೆ, ಅಜ್ಜ ಬರುತ್ತಾನೆಂದು. ದನ ಬರುತ್ತಿತ್ತು. ವಂಕುರು ನನ್ನ ತಲೆ ಮುಟ್ಟಿ ಹೇಳುತ್ತಿದ್ದಳು, "ನೋಡು, ಒಂದೂ ಕಳೆದಿಲ್ಲ. ಎಂಥ ಜಾಣ ನಿಮ್ಮಜ್ಜ!"

ಅವತ್ತು ನಕ್ಕ ತಮ್ಮಂದಿರ ಮನೆಗಳು ಈಗ ಎಲ್ಲಿವೆ? ಒಂದರ ಜಾಗದಲ್ಲಿ ಕಳ್ಳಿ ಬೆಳೆದಿದೆ. ಆ ಒಬ್ಬ ಹೆಂಗಸಿನ ಮನೆಯಿಂದ ಎದ್ದವರು ನಾವು ಇಡೀ ಗುಡ್ಡ ತುಂಬಿದ್ದೇವೆ. ಅವಳು ಬಾಗಿಲಿಗೆ ಅಡ್ಡ ನಿಲ್ಲದಿದ್ದರೆ ನಿನ್ನ ದುಂಡಗಿನ ಅಕ್ಷರ ಎಲ್ಲಿರುತ್ತಿತ್ತು?

ಅಂಥ ಮನೆಯ ಮುಂದೆ ಯಾವನದೋ ಜ್ವರದ ಸಾವನ್ನು ತಂದು ನೆಡಬೇಡ. ಅದು ವಂಕುರುವಿಗೆ ಅವಮಾನ.

ಮಚಾಗೆ


ಇಟಿಂಗಾ
15 ಅಕ್ಟೋಬರ್ 1984

ರೋಬಿ,

ಕಾಗದವಿಲ್ಲ. ತಾರಿಮೆಗೆ ಹೋದವರನ್ನೆಲ್ಲ ಕೇಳಿ ಸಾಕಾಯಿತು. ಕೊನೆಗೆ ನಾನೇ ನಡೆದುಹೋಗಿ ಅಂಚೆಯವನನ್ನು ಬೈದು ಬಂದೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ನಾಚಿಕೆಯಾಗಿದ್ದರೆ ನೇರವಾಗಿ ಬರೆ. ಗಂಡನ ಮನೆಯವರಿಗೆ ಏನು ಹೇಳುವುದೆಂದು ಹೆದರಿದ್ದರೆ ಅದನ್ನೂ ಬರೆ. ವಂಕುರುವಿಗೆ ನಾಚಿಕೆಯಾಗಲಿಲ್ಲ, ನ್ಯಾಂಗಿಗೆ ಆಗಲಿಲ್ಲ, ನನ್ನಪ್ಪನಿಗೆ ಆಗಲಿಲ್ಲ, ನನಗೆ ಆಗಿಲ್ಲ. ನಿನ್ನಿಂದ ಶುರುವಾಗುವುದಾದರೆ ಆಗಲಿ.

ಬಿಳಿ ಹಸುವಿನ ಕರುವಿಗೆ ನಿನ್ನ ಹೆಸರಿಟ್ಟಿದ್ದೆ. ಬೇಡವಾದರೆ ಹೇಳು, ತೆಗೆಯುತ್ತೇನೆ.

ಮಚಾಗೆ


ದಾರ್ ಎಸ್ ಸಲಾಮ್
3 ನವೆಂಬರ್ 1984

ದೊಡ್ಡಪ್ಪನವರಿಗೆ,

ಕರುವಿನ ಹೆಸರನ್ನು ತೆಗೆಯಬೇಡಿ.

ನಾಚಿಕೆಯಿಂದ ಸುಮ್ಮನಿದ್ದೆ ಎಂದುಕೊಂಡಿರಾ? ನಿಮ್ಮ ಕಾಗದವನ್ನು ಕೈಚೀಲದಲ್ಲಿಟ್ಟುಕೊಂಡೇ ತಿರುಗುತ್ತಿದ್ದೆ. ಬಸ್ಸಿನಲ್ಲಿ ಓದಿದೆ, ಶಾಲೆಯ ಮರದ ಕೆಳಗೆ ಓದಿದೆ. ಉತ್ತರ ಬರೆಯಲು ಕೂತರೆ ನಾನು ಬರೆದ ಪ್ರತಿ ಮಾತೂ ಚಿಕ್ಕದೆನಿಸುತ್ತಿತ್ತು. ಎದೆ ತುಂಬಿದಾಗ ಬಾಯಿ ಕಟ್ಟುವುದು ನಮ್ಮ ಮನೆಯಲ್ಲಿ ನನಗೊಬ್ಬಳಿಗೇ ಬಂದಿರಬೇಕು. ನಿಮಗಂತೂ ಬಂದಿಲ್ಲ.

ಆಮೇಲೆ ನನ್ನ ಅತ್ತೆ ಬಂದರು. ಅವರಿಗೆ ಇಡೀ ಕಾಗದವನ್ನು ಓದಿ ಹೇಳಿದೆ. "ಮೇಯಿಸಲು ಹೋಗಿದ್ದಾನೆ" ಎಂಬಲ್ಲಿ ನಕ್ಕರು. ಕೊನೆಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ನಮ್ ತೋಟದಲ್ಲಿ ಅಷ್ಟೊಂದು ಗೋರಿ ಇದಾವಲ್ಲ ರೋಬಿ, ಅದ್ರಲ್ಲಿ ಅರ್ಧ ಗಂಡಸ್ರು ಬದುಕಿದ್ದಾಗ್ಲೂ ಮನೇಲಿ ಇರ್ಲಿಲ್ಲ. ನಿಮ್ಮೋನು ಹುಟ್ದೇನೇ ಮನೆ ನಡೆಸ್ದ ನೋಡು!" ತುಮೈನಿ ನಮ್ಮ ವಂಶದ ಚಿತ್ರ ಬರೆದಿದ್ದಾನೆ. ಕೆಹೆಂಗುವನ್ನು ಬರೆಯುವುದೋ ಬಿಡುವುದೋ ಎಂದು ಕೇಳಿದ. ನಿನಗೆ ತೋಚಿದಂತೆ ಮಾಡು ಎಂದೆ. ದನಗಳ ಹಿಂದೆ ಹೋಗುತ್ತಿರುವ ಒಬ್ಬನನ್ನು ಬರೆದಿದ್ದಾನೆ, ಬೆನ್ನು ಮಾತ್ರ ಕಾಣುತ್ತದೆ.

ಕಲ್ಲಿನ ವಿಷಯ. ನಿಮ್ಮ ಕಾಗದ ಬರುವ ಹೊತ್ತಿಗೆ ಕೆತ್ತಿಯಾಗಿತ್ತು. ಉಜ್ಜಿ ಅಳಿಸಿಬಿಡಲೇ ಎಂದು ಕಲ್ಲಿನವನು ಕೇಳಿದ. ಸತ್ತವನ ಹೆಸರನ್ನು ಉಜ್ಜಿಸಲು ನನಗೆ ಮನಸ್ಸು ಬರಲಿಲ್ಲ. ಕಲ್ಲನ್ನು ತಿರುಗಿಸಿ ಎಂದೆ. ಹಿಂಬದಿಯಲ್ಲಿ ಈಗ ಹೀಗಿದೆ: "ವಂಕುರು. ಕೆಹೆಂಗುವಿನ ತಾಯಿ." ಒಪ್ಪಿಗೆಯಾಗುತ್ತದೆಯೇ?

ಇನ್ನೊಂದು ಮಾತು. "ಬೇರೆ ಮನೆಯ ಸತ್ತವನು, ಅವನಿಗೂ ಮನೆಯಿದೆ" ಎಂದು ಬರೆದಿರಿ. ಅಷ್ಟು ಉದ್ದದ ಕಾಗದದಲ್ಲಿ ನೀವು ಸಿಟ್ಟೂ ಮಾಡದೆ, ಹೆಮ್ಮೆಯೂ ಪಡದೆ ಬರೆದ ಸಾಲು ಅದೊಂದೇ. ಇಟಿಂಗಾ ಎಷ್ಟು ದೊಡ್ಡ ಊರು ದೊಡ್ಡಪ್ಪ? ಮಸೇಕೆಯ ಮಗ ಕೆಹೆಂಗು ಯಾರ ಮನೆಯವರೆಂದು ನಿಮಗೆ ಗೊತ್ತು. ಯಾರೋ ನನ್ನ ಹಾಗೇ ಗೋರಿ ಹುಡುಕುತ್ತಿರಬಹುದು. ಅವರಿಗೆ ಹೇಳಿ. ಪಟ್ಟಿಯ ಸಾಲನ್ನು ಬರೆದುಕೊಂಡು ಬಂದ ಹಾಳೆ ಇದರ ಜೊತೆಗಿದೆ.

ನಿಮ್ಮ
ರೋಬಿ


ಇಟಿಂಗಾ
2 ಡಿಸೆಂಬರ್ 1984

ರೋಬಿ,

ಕಲ್ಲಿನ ಮಾತು ಸರಿಯಿದೆ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ನಿನ್ನ ಅತ್ತೆ ಒಳ್ಳೆಯ ಹೆಂಗಸು. ಬಾಳೆಗಿಡದ ಬಗ್ಗೆ ನಾನು ಅಂದದ್ದನ್ನು ಅವರಿಗೆ ಹೇಳಿಲ್ಲ ತಾನೇ?

ಗೊತ್ತಿತ್ತು. ನಿನ್ನ ಜುಲೈ ಕಾಗದದಲ್ಲಿ ಮಸೇಕೆ ಎಂದು ಓದಿದ ಕೂಡಲೇ ಗೊತ್ತಾಯಿತು. ಆ ಕೆಹೆಂಗು ವೆರೆಮನ ಅಪ್ಪ. ಹೇಳಲಿಲ್ಲ. ಜೀವಮಾನವಿಡೀ ನನ್ನನ್ನು ಚುಚ್ಚಿದವನಿಗೆ ಉಪಕಾರ ಮಾಡಲು ನನಗೇನು ಹುಚ್ಚೇ? ಆ ಮನೆಯಲ್ಲಿ ಕೆಹೆಂಗು ಎಂಬ ಹೆಸರು ಎತ್ತುವುದಿಲ್ಲ. ಹೆಂಡತಿ ಮಕ್ಕಳನ್ನು ಬಿಟ್ಟು, ನಮ್ಮ ಪಡುವಣದ ಸರೋವರ ದಾಟಿ, ಆಚೆ ದಡದಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡ ಎಂದು ಊರೆಲ್ಲ ಆಡಿಕೊಂಡಿತ್ತು. ವೆರೆಮ ಆಗ ಹಾಲುಹಲ್ಲಿನ ಮಗು.

ನಿನ್ನ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಕೆಲವು ದಿನ ತಿರುಗಿದೆ. ಕೊನೆಗೆ ಹಳ್ಳ ದಾಟಿದೆ. ಅವನು ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ತಲೆ ಎತ್ತದೆ ಶುರುಮಾಡಿದ.

"ಏನಪ್ಪಾ ಮಚಾಗೆ, ನಿಮ್ಮಜ್ಜನ ಗೋರಿ ಸಿಕ್ತಾ?"

"ನಮ್ಮಜ್ಜಂದು ಸಿಗ್ಲಿಲ್ಲ. ನಿಮ್ಮಪ್ಪಂದು ಸಿಕ್ತು."

ಹಗ್ಗ ನಿಂತಿತು. ಕೋಲು ಎತ್ತಿಕೊಳ್ಳುತ್ತಾನೆ ಎಂದುಕೊಂಡೆ. ಎತ್ತಿಕೊಂಡ ಕೂಡ. ನಾನು ಹಾಳೆ ತೆಗೆದು ಓದಿದೆ.

"ಇನ್ನೊಂದ್ ಸಲ ಓದು" ಎಂದ.

ಓದಿದೆ.

"ಕಿಲ್ವಾ ಅಂದ್ರೆ ಎಲ್ಲಿ? ಸರೋವರದ ಆಚೇನಾ?"

"ಅಲ್ಲ ಕಣೋ. ಅದು ಹೊತ್ತು ಹುಟ್ಟೋ ಕಡೆ, ಸಮುದ್ರದ ದಡ. ಸರೋವರ ಈ ಕಡೆ, ಕಿಲ್ವಾ ಆ ಕಡೆ."

"ಅಂಗಾರೆ ಸರೋವರ ದಾಟಿಲ್ಲ."

"ದಾಟಿಲ್ಲ."

"ಇನ್ನೊಬ್ಬಳ್ನ ಕಟ್ಕೊಂಡಿಲ್ಲ."

"ಹೊರೆ ಹೊತ್ಕೊಂಡು ಜ್ವರದಲ್ಲಿ ಸತ್ತೋನು ಯಾವಳ್ನ ಕಟ್ಕೊಂಡಾನು? ಬಿಳಿಯರು ಹಿಡ್ಕೊಂಡ್ ಹೋದ್ರು. ಬರದಿದೆ ಇಲ್ಲಿ."

ಹಾಳೆ ಇಸಿದುಕೊಂಡ. ತಲೆಕೆಳಗಾಗಿ ಹಿಡಿದು ನೋಡಿದ. ನಾನು ತಿದ್ದಲಿಲ್ಲ. "ನಮ್ಮವ್ವ ಸಾಯೋಗಂಟ ಸರೋವರದ ದಿಕ್ಕಿಗೆ ಮುಖ ಮಾಡಿ ಕೂತೋಳಲ್ಲ" ಎಂದ. ನಶ್ಯದ ಡಬ್ಬಿಯನ್ನು ನನ್ನ ಕಡೆ ತಳ್ಳಿದ. ಇಬ್ಬರೂ ಸೀನಿದೆವು.

ಆಮೇಲೆ ಬುದ್ಧಿ ತಪ್ಪಿ ಕಲ್ಲಿನ ವಿಷಯ ಹೇಳಿಬಿಟ್ಟೆ. ಅಲ್ಲಿಗೆ ಮುದುಕ ಎದ್ದು ನಿಂತ.

"ನಮ್ಮಪ್ಪನ ಕಲ್ಲು ನಿನ್ ಅಂಗಳಕ್ಯಾಕೆ ಬರ್ಬೇಕು? ಇಲ್ಲಿಗ್ ಬರ್ಲಿ."

"ನಮ್ ಹುಡುಗಿ ಕೆತ್ಸಿದ್ದು ಅದು. ಅದರಲ್ಲಿ ವಂಕುರು ಅವ್ಳೆ."

"ಮೊದ್ಲು ಕೆತ್ತಿದ್ದು ನಮ್ಮಪ್ಪನ್ನ!"

"ನಿಮ್ಮಪ್ಪ ಹಿಂದ್ಗಡೆ ಅವ್ನೆ ಕಣೋ!"

"ಹಿಂದ್ಗಡೆ ಯಾವ್ದು ಮುಂದ್ಗಡೆ ಯಾವ್ದು ಅಂತ ನೀನ್ಯಾವನೋ ಹೇಳಕ್ಕೆ?"

ಹೀಗೇ ಜಗಳ ನಡೆದಿದೆ. ದಿನವೂ ಒಂದು ಸಲ ಅವನು ಹಳ್ಳ ದಾಟಿ ಬರುತ್ತಾನೆ, ಇಲ್ಲವೇ ನಾನು ಹೋಗುತ್ತೇನೆ. ನೀನು ಬಂದು ತೀರ್ಮಾನ ಮಾಡು.

ಮಚಾಗೆ


ಇಟಿಂಗಾ
30 ಡಿಸೆಂಬರ್ 1984

ರೋಬಿ,

ನೀನು ಬರಲಿಲ್ಲ. ತುಮೈನಿಗೆ ಮಲೇರಿಯಾ ಎಂದು ಲಾರಿಯವನು ಹೇಳಿದ. ಮಗುವನ್ನು ಬಿಟ್ಟು ಬಂದಿದ್ದರೆ ಬೈಯುತ್ತಿದ್ದೆ, ಆದ್ದರಿಂದ ಸರಿಯಾಯಿತು. ಅವನ ಜ್ವರ ಇಳಿದಿದೆಯೇ, ಕೂಡಲೇ ಬರೆ. ಅವನು ಬರೆದ ಚಿತ್ರವನ್ನು ನೀನು ಕಲ್ಲಿನ ಜೊತೆ ಕಳಿಸಿದ್ದೆ, ಸಿಕ್ಕಿತು. ದನಗಳ ಕೊಂಬು ಸಣ್ಣದಾಯಿತು. ಬೆನ್ನು ಮಾತ್ರ ಸರಿಯಾಗಿದೆ. ಕೆಹೆಂಗು ಹಾಗೇ ನಡೆಯುತ್ತಿದ್ದ.

ತೀರ್ಮಾನ ಮಾಡಲು ನೀನಿಲ್ಲದ್ದರಿಂದ ನಾವೇ ಮಾಡಿದೆವು. ಕಲ್ಲನ್ನು ನನ್ನ ಹೊಲಕ್ಕೂ ಅವನ ಹೊಲಕ್ಕೂ ನಡುವೆ, ಹಳ್ಳದ ದಂಡೆಯಲ್ಲಿ ನೆಟ್ಟೆವು. ವಂಕುರುವಿನ ಮುಖ ನಮ್ಮ ಮನೆಯ ಕಡೆಗಿದೆ. ಅವನಪ್ಪನ ಮುಖ ಅವರ ಮನೆಯ ಕಡೆಗಿದೆ. ಮುಂದುಗಡೆ ಯಾವುದು ಎಂಬ ಜಗಳ ಅಲ್ಲಿಗೆ ಮುಗಿಯಿತು, ಎರಡು ಕಡೆಯೂ ಮುಂದುಗಡೆಯೇ.

ಎರಡೂ ಮನೆಯವರು ಹಗ್ಗ ಹಾಕಿ ಎಳೆದರು. ವೆರೆಮ ಕಲ್ಲಿನ ಮೇಲೆ ಕೈಯಿಟ್ಟುಕೊಂಡು, "ಈ ಕಡೆ, ಆ ಕಡೆ, ಅಯ್ಯೋ ಕುರುಡು ನನ್ ಮಕ್ಳಾ" ಎಂದು ಕೂಗುವುದೊಂದನ್ನೇ ಮಾಡಿದ. ಕಲ್ಲು ನಿಂತಾಗ ಹೆಂಗಸರು ನಾಲಿಗೆ ಹೊರಳಿಸಿ ಕೂಗಿದ ಕೂಗಿಗೆ ಗುಡ್ಡದಾಚೆಯ ನಾಯಿಗಳೆಲ್ಲ ಬೊಗಳಿದವು. ನಮ್ಮ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಂದು ವಂಕುರು ಎಂಬ ಅಕ್ಷರದ ಮೇಲೆ ಬೆಣ್ಣೆ ಸವರಿದರು. ನಾನು ಹೆಸರು ಹೇಳಿದೆ. ನನ್ನಿಂದ ಶುರುಮಾಡಿ ನ್ಯಾಮೊಹಾಂಗ, ಕೆಹೆಂಗು, ವಂಕುರು ಎಂದೆ. ಗಂಟಲು ಎತ್ತಿ ಹೇಳಿದೆ. ಹೇಳಿ ಮುಗಿಸಿ, ಯಾರಾದರೂ ಏನಾದರೂ ಕೇಳುತ್ತಾರೋ ಎಂದು ಸುತ್ತ ನೋಡಿದೆ. ಯಾರೂ ಕೇಳಲಿಲ್ಲ.

ಆಮೇಲೆ ವೆರೆಮ ಎದ್ದ. ಅವನು ಅಪ್ಪನ ಹೆಸರನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಾನು ವೆರೆಮ. ನಮ್ಮಪ್ಪ ಕೆಹೆಂಗು. ಕಿಲ್ವಾದಲ್ಲವ್ನೆ" ಎಂದ. ಹಲ್ಲಿಲ್ಲದ ಬಾಯಿಂದ ಗಾಳಿ ಹೋಯಿತು, ಆದರೂ ಎಲ್ಲರಿಗೂ ಕೇಳಿಸಿತು.

ರಾಗಿ ಹೆಂಡ ಬಿಸಿ ಮಾಡಿ ದೊಡ್ಡ ಮಡಕೆಯನ್ನು ನಡುವೆ ಇಟ್ಟರು. ಉದ್ದ ಕೊಳವೆ ಹಾಕಿ ಸುತ್ತ ಹಿರಿಯರು ಕೂತರು. ವೆರೆಮನಿಗೆ ಮೊಣಕಾಲು ನೋವು, ನೆಲದಲ್ಲಿ ಕೂರಲಾರ. ಕೊಳವೆ ಹಿಡಿದುಕೊಂಡು ಕೊಕ್ಕರೆಯ ಹಾಗೆ ನಿಂತಿದ್ದ. ನಾನು ಮನೆಗೆ ಹೋಗಿ, ಕಣಜದ ಪಕ್ಕದಿಂದ ಮಣೆ ಎತ್ತಿಕೊಂಡು, ಧೂಳು ಒರೆಸಿ, ತಂದು ಅವನ ಹಿಂದೆ ಇಟ್ಟೆ. ನಮ್ಮ ಮನೆಯ ಹೆಂಗಸರೆಲ್ಲ ಎದ್ದು ನಿಂತರು.

ಅವನು ತಿರುಗಿ ನೋಡಿದ.

"ಯಾರ್ದೋ ಈ ಮಣೆ?"

"ಕೆಹೆಂಗೂದು."

"ಯಾವ ಕೆಹೆಂಗೂದು?"

"ಕೂತ್ಕೊಳ್ಳೋ ಮುದ್ಕ. ಹೆಂಡ ಆರೋಯ್ತದೆ."

ಕೂತ. ಒಳ್ಳೆ ಹೋರಿಯಷ್ಟು ತೂಕದವನು. ಮಣೆ ಕಿರ್ ಎನ್ನಲಿಲ್ಲ.

ನಿನ್ನ ದೊಡ್ಡಪ್ಪ
ಮಚಾಗೆ